ಬಿಸಿ ಆರುವವರೆಗೆ

೮ ಜನವರಿ ೨೦೦೪

ಇಂದು ಇಂಗಿನ ಡಬ್ಬಿಯ ಮುಚ್ಚಳ ತೆಗೆದೆ, ಏನೂ ಆಗಲಿಲ್ಲ. ಡಬ್ಬಿ ಖಾಲಿಯೇನೋ ಎಂದು ಇಣುಕಿದೆ. ತುಂಬಿತ್ತು. ಮೂಗಿನ ಹತ್ತಿರ ತಂದೆ. ಬೆರಳಿಗೆ ತಿಕ್ಕಿ ಮೂಗಿಗೇ ಹಚ್ಚಿಕೊಂಡೆ. ಇಂಗಿನ ಬದಲು ಇಟ್ಟಿಗೆಯ ಪುಡಿ ಇದ್ದಿದ್ದರೂ ನನಗೆ ಒಂದೇ.

ಮೊನ್ನೆಯವರೆಗೆ ಜ್ವರ, ನೆಗಡಿ. ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋದ ಹಾಗಿದೆ. ಸರಿ ಹೋದೀತು.

ಯಾರಿಗೂ ಹೇಳುವ ವಿಷಯವಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಸೀರೆ ಅಂಗಡಿಯವರು ಆಚಾರ್ಯರಿಗೆ ಕೊಟ್ಟ ಡೈರಿ ಇದು. ಅವರಿಗೆ ಹೆಚ್ಚಾಗಿ ನನ್ನ ಪಾಲಿಗೆ ಬಂತು.

೧೧ ಜನವರಿ

ಸರಿ ಹೋಗಿಲ್ಲ.

ಕಾಶಿಯ ಶಿವಾಲದ ಈ ಮನೆಯಲ್ಲಿ ಜಯದೇವಾಚಾರ್ಯರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಾರೆ. ಅಡುಗೆ ನನ್ನದು. ಶ್ರಾದ್ಧದ ಅಡುಗೆಯನ್ನು ಬಡಿಸುವ ಮೊದಲು ನಾಲಿಗೆಗೆ ತಾಗಿಸುವಂತಿಲ್ಲ. ಉಪ್ಪು, ಹುಳಿ ಕೈಯ ಅಂದಾಜು. ಮಿಕ್ಕದ್ದೆಲ್ಲ ಮೂಗಿನ ಕೆಲಸ. ಜೀರಿಗೆ ಎಷ್ಟು ಹುರಿದರೆ ಸಾಕು, ಹಾಲು ಯಾವಾಗ ತಳ ಹಿಡಿಯಲು ಹೊರಟಿದೆ, ಬೇಳೆ ಬೆಂದಿತೇ ಎಂದೆಲ್ಲ ಇಷ್ಟು ವರ್ಷ ಮೂಗೇ ಹೇಳಿದೆ, ನಾನು ಕೇಳಿದ್ದೇನೆ.

ಇನ್ನು ಉಣ್ಣುವವರು ರುಚಿಯ ಮಾತು ಆಡುವಂತಿಲ್ಲ. ಆಚಾರ್ಯರು ಹುಟ್ಟಿದ್ದೂ ಬೆಳೆದದ್ದೂ ಕಾಶಿಯಲ್ಲಿ. ಎಲೆ ಹಾಕಿದ ಮೇಲೆ ಪ್ರತಿಯೊಬ್ಬ ಯಾತ್ರಿಕನಿಗೂ ತಮ್ಮ ಬೆರಕೆ ಕನ್ನಡದಲ್ಲಿ ಅದನ್ನೇ ಹೇಳುತ್ತಾರೆ. ಇಂದೂ ಹೇಳಿದರು:

"ನೋಡ್ರಿ, ಅನ್ನ ಬಿಸಿ ಇರೋತನಕ, ಉಣ್ಣೋರು ಚುಪ್ ಇರೋತನಕ, ಚಲೋ ಆಗೇದ ಕೆಟ್ಟ ಆಗೇದ ಅಂತ ಯಾರೂ ಬಾಯಿ ಬಿಡದತನಕ ಪಿತೃಗಳು ಉಣ್ತಾರ. ಮಾತು ಶುರು ಆತು, ಅವ್ರು ಎದ್ದು ಹೋದ್ರು. ಬಸ್."

ನಾನು ರುಚಿ ನೋಡುವಂತಿಲ್ಲ, ಅವರು ರುಚಿ ಹೇಳುವಂತಿಲ್ಲ. ಇಷ್ಟು ವರ್ಷ ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು. ಹೊಗಳಿಕೆಗೆ ಹಲ್ಲು ಕಿರಿಯುವ ಕೆಲಸವಿಲ್ಲ, ಬೈಗುಳಕ್ಕೆ ತಲೆ ತಗ್ಗಿಸುವ ಕೆಲಸವೂ ಇಲ್ಲ. ಈಗ ನೋಡಿದರೆ, ನಾನು ಮಾಡಿದ್ದು ಹೇಗಿದೆ ಎಂದು ತಿಳಿಯಲು ನನಗೆ ದಾರಿಯೇ ಇಲ್ಲ.

ಆಚಾರ್ಯರು ಕೆಟ್ಟವರಲ್ಲ. ಆದರೆ ಮೂಗಿಲ್ಲದ ಅಡುಗೆಯವನನ್ನು ಪಿತೃಕಾರ್ಯಕ್ಕೆ ಇಟ್ಟುಕೊಳ್ಳುವಷ್ಟು ಒಳ್ಳೆಯವರೂ ಅಲ್ಲ. ಉಡುಪಿ ಕಡೆ ನನಗೆ ಈಗ ಯಾರೂ ಇಲ್ಲ. ಈ ಒಲೆ ಹೋದರೆ ನಾನು ಎಲ್ಲಿಯವನೂ ಅಲ್ಲ.

೧೫ ಜನವರಿ

ಸಂಕ್ರಾಂತಿ. ಎಳ್ಳು ಹುರಿಯುವಾಗ ಸ್ವಲ್ಪ ಕಪ್ಪಾಯಿತು. ಮೇಲಿನ ಕೋಣೆಯ ಮುದುಕಿ ನೀರು ಕೇಳಲು ಬಂದವರು ಬಾಗಿಲಲ್ಲೇ ನಿಂತು ಬಾಣಲೆಯನ್ನೂ ನನ್ನನ್ನೂ ನೋಡಿದರು. "ಏನು ಬೇಕಿತ್ತು?" ಎಂದೆ. "ಏನಿಲ್ಲಪಾ" ಎಂದು ನೀರನ್ನೂ ಕೇಳದೆ ಹೋದರು.

೧೭ ಜನವರಿ

ಹೊಸ ಕಾಟ ಶುರುವಾಗಿದೆ. ಮೇಲಿನ ಮುದುಕಿ, ತುಂಗಾಬಾಯಿ, ಈಳಿಗೆಮಣೆ ಹಿಡಿದುಕೊಂಡು ಅಡುಗೆಮನೆಗೇ ಬಂದು ಕೂತುಬಿಟ್ಟರು. ಇವರು ಲಿಂಗಸುಗೂರಿನ ಕಡೆಯವರು. ಗಂಡ ಹೋದ ಮೇಲೆ ಕಾಶಿಯಲ್ಲಿ ಸಾಯುತ್ತೇನೆಂದು ಬಂದವರು. ಬಂದು ಎಷ್ಟೋ ವರ್ಷವಾಯಿತು, ಇನ್ನೂ ತಯಾರಿಯೇ ನಡೆದಿದೆ.

"ಮೊಣಕಾಲು ಹಿಡದಾವ ಸುಮಧ್ವಾ. ಒಲಿ ಕಾವಿಗೆ ಕೂಡ್ತೀನಿ. ಸುಮ್ನ ಕೂಡೂದಿಲ್ಲ, ಕಾಯಿಪಲ್ಲೆ ಹೆಚ್ಚಿ ಕೊಡ್ತೀನಿ."

ಕೆಂಪು ಸೀರೆಯ ಮಡಿ ಹೆಂಗಸು, ಬರಬೇಡಿ ಎನ್ನಲು ನನಗೆ ಕಾರಣವಿಲ್ಲ. ಹೆಚ್ಚುವುದೇನೋ ಹೆಚ್ಚುತ್ತಾರೆ. ಆದರೆ ಬಾಯಿ ಮುಚ್ಚುವುದಿಲ್ಲ. "ಜೀರಗಿ ಸಾಕದು, ಇಳಸು." "ತುಪ್ಪ ಕಾದದ ನೋಡು." ಗಡ್ಡ ಬರುವ ಮೊದಲೇ ಸೌಟು ಹಿಡಿದವನಿಗೆ ಪಾಠ!

೨೨ ಜನವರಿ

ಮೂಗಿನ ಡಾಕ್ಟರರನ್ನು ಹುಡುಕಿಕೊಂಡು ಗಂಗೆಯಾಚೆಯ ರಾಮನಗರಕ್ಕೆ ಹೋಗಿದ್ದೆ. ಸೇತುವೆ ದಾಟಿ ಅಷ್ಟು ದೂರ ಯಾಕೆಂದರೆ ಶಿವಾಲದಲ್ಲಿ ಯಾರಾದರೂ ಸೀನಿದರೂ ಆಚಾರ್ಯರಿಗೆ ಗೊತ್ತಾಗುತ್ತದೆ. ಹೋಮಿಯೋಪತಿಯವನು ಸಕ್ಕರೆ ಗುಳಿಗೆ ಕೊಟ್ಟ. ಮೂಗು ಮಲಗಿದೆಯಂತೆ, ಎಬ್ಬಿಸಬೇಕಂತೆ. ದಿನಾ ಘಮ ಇರುವುದನ್ನು, ಹೊಸ ಹೊಸದನ್ನು ಮೂಸಿ ತಿನ್ನಬೇಕಂತೆ. "ಬನಾರಸಿನಲ್ಲಿದ್ದುಕೊಂಡು ಇದಕ್ಕೆ ಔಷಧಿ ಕೇಳುತ್ತೀರಲ್ಲ ಪಂಡಿತ್‌ಜೀ!" ಎಂದು ಹಿಂದಿಯಲ್ಲಿ ನಕ್ಕ.

ಈ ಊರಿಗೆ ಬಂದಂದಿನಿಂದ ನಾನು ಹೊರಗೆ ಒಂದು ತುತ್ತು ತಿಂದವನಲ್ಲ. ಗಲ್ಲಿಗಳಲ್ಲಿ ಓಡಾಡುವಾಗ ಪಂಚೆ ಎತ್ತಿ ಹಿಡಿದು, ಉಸಿರು ಹಿಡಿದು ದಾಟಿದವನು. ಆಗ ಮೂಗಿತ್ತು, ಬಳಸಲಿಲ್ಲ.

೨೪ ಜನವರಿ

ಔಷಧಿ ಶುರು. ಗಲ್ಲಿಯ ತಿರುವಿನಲ್ಲಿ ಗಿರಿಜಾದೇವಿ ಎಂಬಾಕೆಯ ಕಚೌಡಿ ಅಂಗಡಿಯಿದೆ. ಅಂಗಡಿ ಎಂದರೆ ಒಂದು ಕಟ್ಟೆ, ಒಂದು ಬಾಣಲೆ, ಆಕೆ. ಬೆಳಗಿನ ಮಂಜಿನಲ್ಲಿ ಜನ ಚಾದರ ಹೊದ್ದು ನಿಂತೇ ತಿನ್ನುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿ ಇಲ್ಲ ತಾನೇ ಎಂದು ವಿಚಾರಿಸಿದೆ.

"ಶಿವ್ ಶಿವ್! ಬಾಬಾ ವಿಶ್ವನಾಥನ ಊರಿನಲ್ಲಿ ಕೂತು ಬೆಳಿಗ್ಗೆ ಬೆಳಿಗ್ಗೆ ಬೆಳ್ಳುಳ್ಳಿ ಹಾಕುತ್ತೇನೆಯೇ?" ಎಂದು ಆಕೆ ಭೋಜಪುರಿಯಲ್ಲಿ ಗದರಿ ದೊನ್ನೆ ಕೈಗಿಟ್ಟಳು.

ಮೇಲ್ಪದರ ಮುರಿಯುವ ಸದ್ದು ಕಿವಿಗೆ ಕೇಳಿತು. ಒಳಗಿನ ಬೇಳೆ ನಾಲಿಗೆ ಸುಟ್ಟಿತು. ಉಪ್ಪು ಇತ್ತು, ಖಾರ ಇತ್ತು, ಸಾಸಿವೆ ಎಣ್ಣೆಯ ಘಾಟಿಗೆ ಕಣ್ಣಲ್ಲಿ ನೀರೂ ಬಂತು. ವಾಸನೆ ಮಾತ್ರ ಇಲ್ಲ. ಯಾರದೋ ಊಟವನ್ನು ನಾನು ಅಗಿದ ಹಾಗಾಯಿತು. ಗಂಗೆಯಲ್ಲಿ ಮುಳುಗಿ, ಪಂಚೆ ಬದಲಿಸಿ ಮನೆಗೆ ಬಂದೆ.

ಮೆಟ್ಟಿಲಲ್ಲೇ ತುಂಗಾಬಾಯಿ ಸಿಕ್ಕರು. "ಕಚೌಡಿ ತಿಂದಿ."

"ಎಂತ ಮಾತು ಅದು! ಈಗಷ್ಟೇ ಸ್ನಾನ ಮಾಡಿ ಬಂದೆ."

"ಮೀಸಿ ತೊಳಕೊಂಡಿಲ್ಲ" ಎಂದು ಮೇಲೆ ಹತ್ತಿದರು.

೨೭ ಜನವರಿ

ಆಚಾರ್ಯರಿಗೆ ಚಾಡಿ ಹೇಳುತ್ತಾರೆಂದು ಮೂರು ದಿನ ಕಾದೆ. ಇಂದು ಸೊಪ್ಪು ಬಿಡಿಸುತ್ತ ಸಣ್ಣ ದನಿಯಲ್ಲಿ ಕೇಳಿದರು: "ನನಗೂ ಒಂದು ತಂದು ಕೊಡು."

ಮಡಿ ಹೆಂಗಸು, ಬೀದಿಯ ಕಚೌಡಿ! ನನ್ನ ಮುಖ ನೋಡಿ ನಕ್ಕರು.

"ತಿನ್ನೂದಿಲ್ಲೋ. ಮೂಸಿ ನೋಡ್ತೀನಿ. ಕೋಣಿ ಒಳಗ ತರಬ್ಯಾಡ, ಕಿಟಕ್ಯಾಗ ಇಡು. ಬಿಸಿ ಇರೋತನಕ ನಂದು, ಆರಿದ ಮ್ಯಾಲೆ ನಿಂದು."

ಮದುವೆಯಾದ ಹೊಸದರಲ್ಲಿ ಗಂಡ, ಅತ್ತೆಯ ಜೊತೆ ಕಾಶಿಗೆ ಬಂದಿದ್ದರಂತೆ. ವಿಶ್ವನಾಥ ಗಲ್ಲಿಯ ಬಾಯಲ್ಲಿ ಒಂದು ಕಚೌಡಿ ಜಿಲೇಬಿಯ ಅಂಗಡಿ, ಅದರ ಮುಂದೆ ಒಂದು ಬೇವಿನ ಮರ. "ಅವ್ರು ತಿಂದ್ರು. ನಮ್ಮತ್ತಿ ಇದ್ರಲ್ಲ, ನಾ ಹ್ಯಾಂಗ ತಿನ್ಲಿ? ಸೆರಗು ಬಾಯಿಗೆ ಹಿಡಕೊಂಡು ನಿಂತು ಬರೇ ವಾಸನಿ ತೊಗೊಂಡೆ. ಅವತ್ತೂ ಅಷ್ಟ, ಇವತ್ತೂ ಅಷ್ಟ."

ಮುದುಕಿಯ ಬಾಯಿ ಮುಚ್ಚಿಸಲು ಇದು ಅಗ್ಗದ ದಾರಿ. ಒಪ್ಪಿಕೊಂಡೆ.

೨೮ ಜನವರಿ

ಕಚೌಡಿ ತಂದೆ. ಕಿಟಕಿಯ ಕಟ್ಟೆಯ ಮೇಲೆ ದೊನ್ನೆ. ಅವರು ಒಳಗೆ ಸರಳಿನ ಹತ್ತಿರ ಕೂತರು, ನಾನು ಹೊರಗೆ ಮೆಟ್ಟಿಲ ಮೇಲೆ. ಕಣ್ಣು ಮುಚ್ಚಿ ಎಳೆದುಕೊಂಡರು. ಆಮೇಲೆ ಪುರಾಣ ಓದಿದ ಹಾಗೆ ಶುರು: "ಬಡೆಸೋಂಪು ಅದ. ಇಂಗು ಕೈ ಬಿಟ್ಟು ಹಾಕ್ಯಾಳ. ಪಲ್ಯದಾಗ ಕುಂಬಳಕಾಯಿ, ಮೆಂತ್ಯಾನೂ ಅದ. ಎಣ್ಣಿ ಇವತ್ತಿಂದ, ನಿನ್ನೀದಲ್ಲ." ಹಬೆ ನಿಂತ ಮೇಲೆ ನಾನು ತಿಂದೆ. "ಹ್ಯಾಂಗದ? ಸಪ್ಪಳ ಬಂತೇನು?" ಎಂದು ಕೇಳಿದರು. ಬಂತು ಎಂದೆ. "ಉಪ್ಪು?" ಸ್ವಲ್ಪ ಹೆಚ್ಚು ಎಂದೆ. ತೃಪ್ತಿಯಾದ ಹಾಗಿತ್ತು.

ಅವರು ಸೋಂಪು ಎಂದ ಮೇಲೆ ಸೋಂಪು ಬಾಯಿಗೆ ಬಂದ ಹಾಗಾಯಿತು. ಭ್ರಮೆ.

೬ ಫೆಬ್ರವರಿ

ಮಲಯ್ಯೋ ತರಬೇಕೆಂದು ತುಂಗಾಬಾಯಿ ಹಟ ಹಿಡಿದರು. ಅದು ಚಳಿಗಾಲದಲ್ಲಿ ಮಾತ್ರ ಸಿಗುವ ಹಾಲಿನ ನೊರೆ. ರಾತ್ರಿಯಿಡೀ ಇಬ್ಬನಿಗೆ ಇಟ್ಟ ಹಾಲನ್ನು ಕಡೆದು ಕಡೆದು, ಬಿಸಿಲು ಏರುವ ಮೊದಲು ಮಾರಿ ಮುಗಿಸುತ್ತಾರೆ. ಚೌಕಿನಿಂದ ಶಿವಾಲದವರೆಗೆ ರಿಕ್ಷಾದಲ್ಲಿ ಮಣ್ಣಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದೆ. ಗೊದೌಲಿಯಾದಲ್ಲಿ ಒಂದು ಎತ್ತು ಅಡ್ಡ ಮಲಗಿತ್ತು. ರಿಕ್ಷಾದವನು ಅದಕ್ಕೆ ಕೈ ಮುಗಿದ, ನಾನು ಬೈದೆ, ಎತ್ತು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆ ಮುಟ್ಟುವಾಗ ಬಟ್ಟಲ ತಳದಲ್ಲಿ ಒಂದು ಚಮಚ ಹಳದಿ ಹಾಲು.

ನನಗೆ ಯಾಕೋ ಅಳುವೇ ಬಂದ ಹಾಗಾಯಿತು. ಅವರು ಮೂಸಿದರು. "ಕೇಸರಿ. ಏಲಕ್ಕಿ. ಮತ್ತ ಇಬ್ಬನಿ."

"ಇಬ್ಬನಿಗೆ ವಾಸನೆ ಉಂಟೇ ತುಂಗಮ್ಮ?"

"ನಿನಗೇನು ಗೊತ್ತು" ಎಂದರು.

ಆ ಮಾತು ಒಂದು ಗಳಿಗೆ ಚುಚ್ಚಿತು. ಸುಮ್ಮನೆ ಅಂದದ್ದಿರಬೇಕು.

೧೯ ಫೆಬ್ರವರಿ

ವಿಶ್ವನಾಥ ಗಲ್ಲಿಯಲ್ಲಿ ಅವರ ಆ ಹಳೆಯ ಅಂಗಡಿ ಹುಡುಕಿದೆ. ಬೇವಿನ ಮರದ ಬುಡ ಮಾತ್ರ ಇದೆ, ಅದಕ್ಕೆ ಕುಂಕುಮ ಬಳಿದು ದೇವರು ಮಾಡಿದ್ದಾರೆ. ಅಂಗಡಿ ಇದ್ದಲ್ಲಿ ಮೊಬೈಲ್ ಕೂಪನ್ ಮಾರುತ್ತಾರೆ. ಪಕ್ಕದ ಬಳೆಯವನು ಹೇಳಿದ, ತನ್ನ ಅಪ್ಪನಿಗೆ ನೆನಪಿರಬಹುದು, ಆದರೆ ಅಪ್ಪ ಇಲ್ಲ ಎಂದು.

ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಗಿರಿಜಾದೇವಿಯಲ್ಲಿ ಕಚೌಡಿ, ಜಿಲೇಬಿ ಕಟ್ಟಿಸಿಕೊಂಡು ಹೋಗಿ, "ನಿಮ್ಮ ಅಂಗಡಿ ಸಿಕ್ಕಿತು, ಮೊಮ್ಮಗ ನಡೆಸುತ್ತಿದ್ದಾನೆ" ಎಂದೆ. ಅವರು ದೊನ್ನೆಯ ಮೇಲೆ ಬಾಗಿದರು, ಬಹಳ ಹೊತ್ತು ಹಾಗೇ ಇದ್ದರು.

"ಇದು ನಮ್ಮ ಮೂಲಿ ಗಿರಿಜಾದೇವಿದು."

ಸಿಕ್ಕಿಬಿದ್ದ ಕಳ್ಳನಂತೆ ಕೂತೆ.

"ಇರ್ಲಿ ಬಿಡು. ಅಲ್ಲೀತನಕ ಹೋಗಿ ಬಂದ್ಯಲ್ಲ. ಕಾಲಿಗೆ ಆ ಗಲ್ಲಿ ಕುಂಕುಮ ಹತ್ತೇದ, ಅದ ಹೇಳ್ತದ."

೧೨ ಮಾರ್ಚ್

ರಾಮನಗರದ ಲಸ್ಸಿ. ಡಾಕ್ಟರನ ಹತ್ತಿರ ಹೋಗುವುದನ್ನು ಮರೆತು ಬಂದೆ. ತಣ್ಣಗಿನದಕ್ಕೆ ಪಾಲು ಹೇಗೆ ಎಂದು ಮೆಟ್ಟಿಲಲ್ಲಿ ದೊಡ್ಡ ವಾದವಾಯಿತು. ಕೆನೆ ಕದಡುವವರೆಗೆ ಅವರದ್ದು ಎಂದು ತೀರ್ಮಾನ.

೩ ಏಪ್ರಿಲ್

ಟಮಾಟರ್ ಚಾಟ್. ಕೋತಿ ಒಯ್ದಿತು. ಅದು ಎದುರು ಮಾಳಿಗೆಯಲ್ಲಿ ಕೂತು ದೊನ್ನೆ ನೆಕ್ಕುವುದನ್ನು ಇಬ್ಬರೂ ನೋಡಿದೆವು. "ಅದಕ್ಕ ಎರಡೂ ಸಿಕ್ಕಿತು ನೋಡು" ಎಂದರು ತುಂಗಮ್ಮ.

೨೧ ಏಪ್ರಿಲ್

ಬೆಂಕಿಯಂಥ ಬಿಸಿಲು. ಕರೆಂಟು ಇಲ್ಲ. ಅಡುಗೆಮನೆಯಲ್ಲಿ ನಾನೇ ನಿಲ್ಲಲಾರೆ, ತುಂಗಮ್ಮ ಒಲೆಯ ಮಗ್ಗುಲಲ್ಲೇ ಕೂತಿರುತ್ತಾರೆ. ಸೆರಗು ಒದ್ದೆಯಾಗಿ ಬೆನ್ನಿಗೆ ಅಂಟಿರುತ್ತದೆ. ಇಂದು ಆಚಾರ್ಯರೇ ಬಂದು, "ಮೇಲೆ ಗಾಳಿ ಅದ, ಹೋಗ್ರಿ ಬಾಯಿ" ಎಂದರು. "ಮೊಣಕಾಲಿಗೆ ಕಾವು ಬೇಕು" ಎಂದರು ತುಂಗಮ್ಮ. ಏಪ್ರಿಲ್‌ನಲ್ಲೂ ಕಾವು! ವಯಸ್ಸಾದವರ ಮೈಯೇ ಬೇರೆ.

ಪಾಠ ನಿಂತಿಲ್ಲ. "ಹಾಲು ಇಳಸು." "ಆ ತುಪ್ಪ ಬ್ಯಾಡ, ಇನ್ನೊಂದು ಡಬ್ಬಿದು ತೊಗೊ." ಈಗ ಅಷ್ಟು ಸಿಟ್ಟು ಬರುವುದಿಲ್ಲ. ರೂಢಿಯಾಗಿದೆ.

೨೦ ಮೇ

ತುಂಗಮ್ಮನಿಗೆ ಬಿಸಿಲು ಬಡಿದಿದೆ. ಜ್ವರ. ಮೇಲೆ ಮಲಗಿದ್ದಾರೆ.

ದಾವಣಗೆರೆಯಿಂದ ಬಂದವರೊಬ್ಬರ ತಾಯಿಯ ಶ್ರಾದ್ಧ. ಪಾಯಸ ಒಲೆಯ ಮೇಲಿತ್ತು. ನಾನು ಪಕ್ಕದಲ್ಲೇ ನಿಂತು ಎಲೆ ಒರೆಸುತ್ತಿದ್ದೆ. ಮೇಲಿನಿಂದ ನೆಲಕ್ಕೆ ಕೋಲು ಕುಟ್ಟುವ ಸದ್ದು ಕೇಳಿತು. ನೀರು ಬೇಕೇನೋ ಎಂದು ತಂಬಿಗೆ ಹಿಡಿದು ಓಡಿದೆ. ತುಂಗಮ್ಮ ಗೋಡೆ ಹಿಡಿದು ಎದ್ದು ಕೂತಿದ್ದರು.

"ಪಾಯಸೋ! ಪಾಯಸ ಹತ್ತಿತು! ಕೆಳಗ ಓಡು!"

ಓಡಿದೆ. ನೋಡಲು ಬೆಳ್ಳಗೇ ಇತ್ತು. ಸೌಟು ಆಡಿಸಿದಾಗ ತಳದಿಂದ ಕಪ್ಪು ಚಕ್ಕೆಗಳು ಎದ್ದವು. ಹೊರಗೆ ಎಲೆ ಹಾಕಿಯಾಗಿತ್ತು, ಬ್ರಾಹ್ಮಣರು ಕೂತಾಗಿತ್ತು. ಬೇರೆ ಹಾಲಿರಲಿಲ್ಲ. ಚಕ್ಕೆ ತೆಗೆದು ಬಡಿಸಿದೆ.

ಯಾರೂ ಮಾತಾಡಲಿಲ್ಲ. ಇಬ್ಬರು ಬ್ರಾಹ್ಮಣರೂ ತಲೆ ತಗ್ಗಿಸಿ ಕೊನೆಯ ತೊಟ್ಟಿನವರೆಗೆ ಉಂಡರು. ಆಮೇಲೆ ಪ್ರಸಾದಕ್ಕೆ ಕೂತಾಗ ಆ ದಾವಣಗೆರೆಯವರ ಕೈ ಬಾಯಿಯ ಹತ್ತಿರ ಒಮ್ಮೆ ನಿಂತಿತು. ಅಷ್ಟೇ. ಅವರೂ ಉಂಡರು. ಏಳುವಾಗ ನನಗೆ ನಮಸ್ಕಾರ ಮಾಡಿದರು. ಆಚಾರ್ಯರು ಉಂಡು ಕೈ ತೊಳೆದು ನನ್ನ ಕಡೆ ನೋಡದೆ ಒಳಗೆ ಹೋದರು. ಅಷ್ಟು ದೂರದಿಂದ ತಾಯಿಗೆಂದು ಬಂದವರಿಗೆ ನಾನು ಸೀದ ಪಾಯಸ ಹಾಕಿದೆ. ನಾಚಿಕೆಯಾಗುತ್ತಿದೆ.

೨೧ ಮೇ

ತುಂಗಮ್ಮನ ಹತ್ತಿರ ಕೂತೆ. ಮೇಲಿನ ಕೋಣೆಗೆ ಬಂದ ವಾಸನೆ ಒಲೆಯ ಪಕ್ಕದಲ್ಲಿದ್ದ ನನಗೆ ಬರಲಿಲ್ಲ ಎನ್ನುವುದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅವರೇ ಹೇಳಿದರು.

"ನನಗ ಸಂಕ್ರಾಂತಿ ದಿನಾನ ಗೊತ್ತಾತು. ಎಳ್ಳು ಹೊತ್ತಿ ಮನಿ ತುಂಬ ವಾಸನಿ. ನೀ ಹಾಂಗ ಕೈ ಆಡಿಸ್ಕೋತ ಕೂತಿದ್ದಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರ ನಿನ್ನ ಒಲಿ ಹೋಗ್ತಿತ್ತು. ನನ್ನ ಕಚೌಡಿ ಹೋಗ್ತಿತ್ತು."

ನಕ್ಕರು, ಕೆಮ್ಮಿದರು. ಮೊಣಕಾಲಿನ ಕಾವು ಎಂದಿರಲ್ಲ ಎಂದೆ. "ನನ್ನ ಮೊಣಕಾಲಿಗೆ ಏನಾಗೇದೋ! ದಿನಾ ಘಾಟ್ ಇಳದು ಹತ್ತತಿದ್ದೆ, ನೀ ನೋಡಿಲ್ಲೇನು?"

ನೋಡಿದ್ದೆ. ದಿನವೂ ನೋಡಿದ್ದೆ.

೨೬ ಮೇ

ಬೆಳಿಗ್ಗೆ ತುಂಗಮ್ಮ ಹೋದರು. ಸಂಜೆಯ ಹೊತ್ತಿಗೆ ಹರಿಶ್ಚಂದ್ರ ಘಾಟಿನಲ್ಲಿ ಎಲ್ಲ ಮುಗಿಯಿತು. ಬಂದ ಕೆಲಸ ಆಯಿತು, ಪುಣ್ಯವಂತೆ ಎಂದರು ಎಲ್ಲರೂ. ಹೌದು.

ಅತ್ತುಬಿಟ್ಟೆ. ಹೊಗೆ ಎನ್ನುವಂತಿಲ್ಲ, ಇಂದು ಒಲೆ ಹಚ್ಚಿರಲಿಲ್ಲ.

೫ ಜೂನ್

ತುಂಗಮ್ಮನ ಅಣ್ಣನ ಮಗ ಪದ್ಮನಾಭ ಲಿಂಗಸುಗೂರಿನಿಂದ ಬಂದು ಕರ್ಮ ಮಾಡುತ್ತಿದ್ದಾನೆ. ನಾಳೆ ಹನ್ನೆರಡನೆಯ ದಿನದ ಶ್ರಾದ್ಧ. ತುಂಗಮ್ಮನಿಗೆ ಪಿತೃವಾಗಿ ಮೊದಲ ಊಟ. ಅಡುಗೆಗೆ ಏನೇನು ತರಿಸಲಿ ಎಂದು ಆಚಾರ್ಯರು ಕೇಳಿದರು.

"ಬೇರೆ ಅಡುಗೆಯವರನ್ನು ಕರೆಸಿ ಆಚಾರ್ರೇ. ಜನವರಿಯಿಂದ ನನಗೆ ವಾಸನೆ ಬರುವುದಿಲ್ಲ. ಅಂದು ಪಾಯಸ ಸೀದದ್ದೂ ನನಗೆ ತಿಳಿಯಲಿಲ್ಲ. ಬೇರೆಯವರ ಮನೆಯ ಹಿರಿಯರಿಗೆ ಹಾಕಿಬಿಟ್ಟೆ. ಇವರಿಗೆ ನನ್ನಿಂದ ಆಗುವುದಿಲ್ಲ."

ಬಾಯಿ ಬಿಟ್ಟ ಮೇಲೆ ಒಂದು ರೀತಿ ಹಗುರವಾಯಿತು. ಒಲೆ ಹೋದರೆ ಹೋಯಿತು.

ಆಚಾರ್ಯರು ಸಾಮಾನಿನ ಪಟ್ಟಿ ಕೆಳಗಿಟ್ಟರು. ಆಮೇಲೆ ಕೇಳಿದರು: "ಅದೊಂದು ಬಿಟ್ರ ಜನವರಿಯಿಂದ ಅಷ್ಟೂ ಶ್ರಾದ್ಧ ಬರಾಬರ್ ಆದವಲ್ಲ. ಅದು ಹ್ಯಾಂಗ?"

"ಅವರು ಕೂತಿದ್ದರು."

ಆಚಾರ್ಯರು ಒಲೆಯ ಮಗ್ಗುಲನ್ನು ನೋಡಿದರು. ಬಿಸಿಲಲ್ಲಿ ಅವರನ್ನು ಮೇಲೆ ಹೋಗಿ ಎಂದದ್ದು ನೆನಪಾಗಿರಬೇಕು. ಶಲ್ಯದಿಂದ ಮುಖ ಒರೆಸಿಕೊಂಡರು.

"ಅವ್ರಿಗೆ ನೀವೇ ಮಾಡ್ರಿ ಭಟ್ರೇ. ನಾಳೆ ಅಲ್ಲಿ ನಾ ಕೂಡ್ತೀನಿ."

೬ ಜೂನ್

ಆಚಾರ್ಯರು ಬೆಳಿಗ್ಗೆಯೇ ಮಡಿಯುಟ್ಟು ಮಣೆ ಹಾಕಿಕೊಂಡು ಕೂತರು. ಆಗಾಗ ಎದ್ದು ಮಂತ್ರ ಹೇಳಿಸಿ ಮತ್ತೆ ಓಡಿ ಬಂದರು. "ಭಟ್ರೇ, ಏನೋ ಬರ್ತಾ ಅದ, ಏನು ಅಂತ ಹೇಳಲಿಕ್ಕೆ ಬರವಲ್ದು" ಎನ್ನುತ್ತಿದ್ದರು. ತುಂಗಮ್ಮನ ಮೂಗಿನ ಮುಂದೆ ಇವರದ್ದು ಮೂಗೇ ಅಲ್ಲ. ಆದರೂ ಹಾಲು ತಳ ಹಿಡಿಯಲಿಲ್ಲ, ನಾನು ಸೌಟು ಬಿಟ್ಟಿದ್ದರೆ ತಾನೇ. ಎಲ್ಲರೂ ಮೌನವಾಗಿ ಉಂಡರು.

೨೪ ಜೂನ್

ಆಚಾರ್ಯರು ಈಗಲೂ ಬಂದು ಕೂಡುತ್ತಾರೆ. ಜೀರಿಗೆ ಯಾವುದು ಮೆಂತ್ಯ ಯಾವುದು ಎಂಬಲ್ಲಿಯವರೆಗೆ ಬಂದಿದ್ದಾರೆ. ಬೇರೆ ಅಡುಗೆಯವರ ಮಾತು ಮತ್ತೆ ಬರಲಿಲ್ಲ.

೨೯ ಜೂನ್

ರಾತ್ರಿ ಮೊದಲ ಮಳೆ ಬಿತ್ತು. ಬೆಳಿಗ್ಗೆ ತಿರುವಿನಲ್ಲಿ ಹೋಗುತ್ತಿದ್ದೆ, ಗಿರಿಜಾದೇವಿ ಕರೆದಳು. ಬಹಳ ದಿನದಿಂದ ಬರಲಿಲ್ಲವಲ್ಲ ಎಂದಳು. ನಾನು ಏನಾದರೂ ಹೇಳುವ ಮೊದಲೇ ದೊನ್ನೆಗೆ ಹಾಕಿ, ಮೇಲೊಂದು ಎಲೆ ಮುಚ್ಚಿ, ನಾರು ಸುತ್ತಿ, "ಅಮ್ಮಾಜಿಗೆ" ಎಂದು ಕೊಟ್ಟಳು; ತುಂಗಮ್ಮ ಹೋದ ಸುದ್ದಿ ಆಕೆಗೆ ತಿಳಿದಿಲ್ಲ. ತೆಗೆದುಕೊಂಡೆ.

ಮೇಲಿನ ಕೋಣೆಗೆ ಬೀಗ ಬಿದ್ದಿತ್ತು. ಕಿಟಕಿ ತೆರೆದೇ ಇತ್ತು. ಕಟ್ಟೆಯ ಮೇಲೆ ದೊನ್ನೆ ಇಟ್ಟು, ಎಲೆ ತೆಗೆದು, ಮೆಟ್ಟಿಲ ಮೇಲೆ ನನ್ನ ಜಾಗದಲ್ಲಿ ಕೂತೆ. ಹಬೆ ಸರಳಿನ ಕಡೆಗೆ ಹೋಗುತ್ತಿತ್ತು. ಕೋತಿ ಬಂತು, ಕೋಲು ತೋರಿಸಿದೆ. ಬಿಸಿ ಆರುವವರೆಗೆ ಸುಮ್ಮನೆ ಕೂತಿದ್ದೆ.

ಆಮೇಲೆ ತಿಂದೆ. ಹೇಗಿತ್ತು ಎಂದು ಬರೆಯುವಂತಿಲ್ಲ.